ಅಕ್ಕುತಾಯಿಯ ಸಿಟ್ಟಿಗೆ ಗುಳಿಗೆ

ಅಕ್ಕುತಾಯಿಯ ಸಿಟ್ಟು ನಿಪ್ಪಾಣಿಯ ಬೀಡಿ ಓಣಿಗೆಲ್ಲ ಗೊತ್ತು. ಹೆಂಗಸರು ಕಾರ್ಖಾನೆಯಿಂದ ಎಲೆ ತಂಬಾಕು ಒಯ್ದು, ಮನೆಯಲ್ಲಿ ಕಟ್ಟಿ, ದಿನಾ ಸಂಜೆ ತಂದ ಬೀಡಿಯನ್ನು ಚೆಕ್ಕರ್ ಆಬಾಸಾಹೇಬನ ಮುಂದೆ ಸುರಿಯಬೇಕು. ಅವನು ಕೈಯಾಡಿಸಿ, ಒಂದು ಹಿಡಿ ಎತ್ತಿ, 'ಛಾಟ್' ಎಂದು ಪಕ್ಕದ ಬುಟ್ಟಿಗೆ ಹಾಕುತ್ತಿದ್ದ. ಛಾಟ್ ಎಂದರೆ ಕೆಟ್ಟ ಬೀಡಿ, ಅದಕ್ಕೆ ಕೂಲಿಯಿಲ್ಲ. ಕೆಟ್ಟದ್ದಾದರೆ ಮುರಿದು ಎಸೆಯಬೇಕಲ್ಲ? ಬುಟ್ಟಿ ಮಾತ್ರ ಸೀದಾ ಒಳಗೆ ಹೋಗಿ, ಒಳ್ಳೆಯದರ ಜೊತೆ ಲೇಬಲ್ ಹಚ್ಚಿಕೊಂಡು ಪೇಟೆಗೆ ಹೊರಡುತ್ತಿತ್ತು. ಇದನ್ನು ಕೇಳುವ ಬಾಯಿ ಒಂದೇ, ಅಕ್ಕುತಾಯಿಯದು. ಕೇಳಿದಾಗಲೆಲ್ಲ ಆಬಾಸಾಹೇಬ, ಆಕೆಯ ರಕ್ತವೇ ಅಂಥದ್ದು, ಅವರಪ್ಪನೂ ಊರಲ್ಲಿ ಹೀಗೇ ಜಗಳ ತೆಗೆಯುತ್ತಿದ್ದ ಎಂದು ಮಂದಿಯನ್ನು ನಗಿಸುತ್ತಿದ್ದ.

೨೦೦೯ರ ಬೇಸಿಗೆಯಲ್ಲಿ ಆಕೆಗೆ ಎದೆ ಡವಡವ, ಕೈ ನಡುಕ ಸುರುವಾಯಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆ, ಇದರಿಂದ ಸಿಟ್ಟೂ ಹೆಚ್ಚುತ್ತದೆ ಎಂದು ಗುಳಿಗೆ ಬರೆದುಕೊಟ್ಟರು. ಸುದ್ದಿ ಆಕೆಗಿಂತ ಮೊದಲೇ ಕಾರ್ಖಾನೆ ಮುಟ್ಟಿತು. ಜಗಳಕ್ಕೆಲ್ಲ ಕಾರಣ ಸಿಕ್ಕಿತು ಎಂದು ಆಬಾಸಾಹೇಬನಿಗೆ ಹಬ್ಬ.

ಆಕೆಗೋ ಅನುಮಾನ ಹತ್ತಿತು. ಹತ್ತು ವರ್ಷ ಜಗಳವಾಡಿದ್ದು ತಾನೋ, ಗಂಟಲ ಗ್ರಂಥಿಯೋ? ಚಿಕ್ಕೋಡಿಯಲ್ಲಿ ಬಿಎಸ್ಸಿ ಓದುವ ಮಗಳು ಭಾಗ್ಯಾಳನ್ನೇ ಕೇಳಿದಳು.

"ಸಿಟ್ಟು ಎಷ್ಟು ಬರತೈತಿ ಅನ್ನೂದು ಮೈಯಾಗ ಇರಬಹುದು ಆಯಿ," ಎಂದಳು ಭಾಗ್ಯಾ. "ಯಾಕ ಬರತೈತಿ ಅನ್ನೂದು ಅಂವನ ಬುಟ್ಟ್ಯಾಗ ಐತಿ."

ಅಕ್ಕುತಾಯಿ ಅರ್ಧ ಮಾತ್ರ ನಂಬಿದಳು. ಮೂರು ತಿಂಗಳು ಗುಳಿಗೆ ನುಂಗಿ, ಛಾಟನ್ನೂ ನುಂಗಿಕೊಂಡು ಸುಮ್ಮನಿದ್ದಳು. ನಡುಕ ನಿಂತಿತು, ಬೀಡಿಗಳು ಸೂಜಿಯಂತೆ ನೆಟ್ಟಗೆ ಬಂದವು. ಆಬಾಸಾಹೇಬನ ಹಿಡಿ ಮಾತ್ರ ಒಂದು ಬೆರಳಷ್ಟೂ ಸಣ್ಣದಾಗಲಿಲ್ಲ.

ಒಂದು ಸಂಜೆ ಆಕೆ ದನಿ ಏರಿಸದೆ ಕೇಳಿದಳು: "ಸಾಹೇಬ್ರ, ಇದರಾಗ ಕೆಟ್ಟದ್ದು ಯಾವುದು? ತೋರಸ್ರಿ."

"ಮೌಶಿ, ಇವತ್ತ ಗುಳಿಗಿ ತುಗೊಂಡಿಲ್ಲೇನು?"

ಸಾಲಿನಲ್ಲಿದ್ದವರು ಸೆರಗು ಬಾಯಿಗಿಟ್ಟು ನಕ್ಕರು. ಬೆಳಿಗ್ಗೆಯೇ ನುಂಗಿದ್ದಾಳೆ, ಆದರೆ ಹೊಟ್ಟೆ ಬಗೆದು ತೋರಿಸಲಾದೀತೇ? ಕೂಗಿದರೆ ರೋಗ, ಮೆಲ್ಲಗೆ ಕೇಳಿದರೂ ರೋಗ. ಆಕೆ ಬುಟ್ಟಿಗೆ ಕೈಹಾಕಿ ತನ್ನ ಹಿಡಿ ಬೀಡಿಯನ್ನು ಹೊರತೆಗೆದು, ಒಂದೊಂದಾಗಿ ಮುರಿಯತೊಡಗಿದಳು. ತಂಬಾಕಿನ ಪುಡಿ ಅವನ ಮೇಜಿನ ಮೇಲೆ ಬಿತ್ತು.

ಆಬಾಸಾಹೇಬ ಕುರ್ಚಿ ಬಿಟ್ಟೆದ್ದ. "ಏ, ಮಾಲ್ ಹಾಳ ಮಾಡಬ್ಯಾಡ."

"ಈಗ ಮಾಲ್ ಆತೇನು?"

ನಗು ನಿಂತಿತು. ಆತ ಕೆಂಪಾದ ಮುಖ ಒರೆಸಿಕೊಂಡು, ಗುಳಿಗೆ ಜಾಸ್ತಿ ಮಾಡಿಸಿಕೊಂಡು ಡಾಕ್ಟರ ಚೀಟಿ ತರುವತನಕ ಈಕೆಗೆ ಎಲೆ ತಂಬಾಕು ಕೊಡಬೇಡಿ ಎಂದು ಒಳಗೆ ಕೂಗಿ ಹೇಳಿದ. ಅಕ್ಕುತಾಯಿ ಮುಂದಿನ ಬೀಡಿ ಮುರಿದಳು.