ಬೋರಲು ತಟ್ಟೆ

ಕಾರಿನ ಗಾಜು ಇಳಿದಾಗ ಒಂಡ್ರೇ ಹುಡಾಕ್ ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿದ ಕಾಫಿಯನ್ನು ಮುಂದೆ ಚಾಚಿದ. ಆಟಗಾರರ ಮುಷ್ಕರ ಶುರುವಾದಂದಿನಿಂದ ಡ್ವೈಟ್ ಕಾಲ್ಡರ್ ದಿನಾ ಬೆಳಿಗ್ಗೆ ಕ್ರೀಡಾಂಗಣದ ಗೇಟಿನ ಮುಂದೆ ಬೆಂಬಲಕ್ಕೆ ಬಂದ ಇವನ ಪಕ್ಕ ನಿಂತು ಈ ಕಾಫಿ ಕುಡಿದಿದ್ದ. ಊರು ತಲೆಯ ಮೇಲೆ ಹೊತ್ತು ಮೆರೆಸಿದ ಆಟಗಾರ. ಇವತ್ತು ಅವನು ಕಾರಿನಿಂದ ಇಳಿಯಲಿಲ್ಲ.

"ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಸರೀತೀರಾ? ಗಾಡಿ ಒಳಗೆ ಹೋಗ್ಬೇಕು."

ಗೇಟು ತೆರೆಯಿತು, ಮುಚ್ಚಿತು. ಒಗ್ಗಟ್ಟಿನ ಬಗ್ಗೆ ಎಲ್ಲರಿಗೂ ಭಾಷಣ ಬಿಗಿದವನೇ ಮಾಲೀಕರ ಕಡೆ ಸೇರಿಕೊಂಡಿದ್ದ.

ಅದು ಅಮೆರಿಕನ್ ಫುಟ್‌ಬಾಲಿನ ೧೯೮೭ರ ಋತು. ಆಟಗಾರರು ಮುಷ್ಕರ ಹೂಡಿದಾಗ ತಂಡಗಳ ಮಾಲೀಕರು ಸಿಕ್ಕಸಿಕ್ಕವರಿಗೆ ಹೆಲ್ಮೆಟ್ ತೊಡಿಸಿ ಫುಟ್‌ಬಾಲ್ ನಡೆಸಿದರು. ಒಂಡ್ರೇ ದುಡಿದ ಉಕ್ಕಿನ ಕಾರ್ಖಾನೆಯ ಹೊಗೆ ನಿಂತಿತ್ತು, ಊರಲ್ಲಿ ಅದರ ಕಾರ್ಮಿಕರ ಕಟ್ಟಳೆ ನಿಂತಿರಲಿಲ್ಲ. ಮುಷ್ಕರ ಮುರಿದವನ ತಟ್ಟೆಯನ್ನು ಊಟದ ಮೇಜಿನ ಮೇಲೆ ಬೋರಲು ಹಾಕಬೇಕು. ಒಂಡ್ರೇಯ ಅಪ್ಪ ತನ್ನ ಒಡಹುಟ್ಟಿದವನಿಗೇ ಹಾಗೆ ಮಾಡಿದ್ದ. ತರಕಾರಿ ಮಂಡಿಯಲ್ಲಿ ಪೆಟ್ಟಿಗೆ ಹೊರುತ್ತಿದ್ದ ಮಗ ಮಿಲೊಗೆ ತಂಡದಿಂದ ಕರೆ ಬಂದ ದಿನ ಒಂಡ್ರೇಯೂ ತಟ್ಟೆ ಮಗುಚಿದ.

"ಚಿಕ್ಕೋನಿದ್ದಾಗಿಂದ ಇದನ್ನೇ ಕನಸು ಕಂಡಿದೀನಪ್ಪ. ಇನ್ನೊಂದು ಸಲ ಯಾರು ಕರೀತಾರೆ ನನ್ನ?"

"ಕಾಲ್ಡರ್ ಹೊಟ್ಟೆ ಮೇಲೆ ಹೊಡೆದು ಆಡೋನು ಈ ಮನೆಯವನಲ್ಲ."

ಬದಲಿ ಆಟಗಾರರ ಬಸ್ಸು ಬಂದಾಗ ಎಲ್ಲರ ಜೊತೆ ಒಂಡ್ರೇಯೂ ಮೊಟ್ಟೆ ಎಸೆದ. ಯಾವ ಕಿಟಕಿಗೆ ತಗುಲಿತೆಂದು ನೋಡಲಿಲ್ಲ. ಇಬ್ಬರು ಮೈಮೇಲೆ ಬಿದ್ದರೂ ಮಿಲೊ ಚೆಂಡು ಬಿಡದೆ ಅಂಕದ ಗೆರೆ ಮುಟ್ಟಿಸಿದನೆಂದು ಪಕ್ಕದ ಮನೆಯವನು ಹೇಳಿದಾಗ, ಕೇಳಿಸದವನಂತೆ ಬಗ್ಗಿ ಬೂಟಿನ ದಾರ ಕಟ್ಟಿಕೊಂಡ. ಒಳಗೊಳಗೇ ಎದೆ ಉಬ್ಬಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಈಗ ಕಾವಲುಗಾರ ಹೊರಗೆ ಬಂದು, ಕಾಲ್ಡರ್ ಬೆನ್ನಿಗೇ ಮುಷ್ಕರದ ಉಳಿದ ಆಟಗಾರರೂ ಬರುತ್ತಿದ್ದಾರೆ, ಬದಲಿಯವರನ್ನು ಇನ್ನು ಬೇಡವೆಂದು ಹಿಂದಿನ ಬಾಗಿಲಿಂದ ಕಳಿಸಿಬಿಟ್ಟರು ಎಂದ. ಒಂಡ್ರೇ ಕುಂಟುಗಾಲಲ್ಲೇ ಕ್ರೀಡಾಂಗಣ ಸುತ್ತಿ ಓಡಿದ. ಅಲ್ಲಿ ಯಾರೂ ಇರಲಿಲ್ಲ. ನಂಬಿದವನು ಕತ್ತು ಕೊಯ್ದಿದ್ದ, ಆ ನಂಬಿಕೆಯಲ್ಲೇ ತಾನು ಮಗನ ಕತ್ತು ಕೊಯ್ದಿದ್ದ.

ಮನೆಯಲ್ಲಿ ಹೆಂಡತಿ ಜೋಫಿಯಾ ಒಲೆಯ ಕಡೆ ಮುಖ ಮಾಡಿ ಎಲೆಕೋಸು ಬಾಡಿಸುತ್ತಿದ್ದಳು.

"ಮಿಲೊ ಫೋನ್ ಮಾಡಿದ್ದ," ಎಂದಳು. "ಅಲಾಸ್ಕಾಗೆ ಹೋಗ್ತಿದಾನಂತೆ, ಮೀನಿನ ಹಡಗಿನ ಕೆಲಸಕ್ಕೆ. ಬಸ್ಸು ಹೊರಟಿರ್ಬೇಕು."

"ನನಗೇನಾದ್ರೂ ಹೇಳಿದ್ನಾ?"

"ಅಪ್ಪನ ಗುರಿ ಇನ್ನೂ ಚೆನ್ನಾಗಿದೆ, ಮೊಟ್ಟೆ ಸರಿಯಾಗಿ ನನ್ನ ಕಿಟಕಿಗೇ ಬಿತ್ತು ಅಂತ ಹೇಳು ಅಂದ."

ಒಂಡ್ರೇ ಕುರ್ಚಿ ಎಳೆದು ಕೂತ. ಎದುರಿಗೆ ಮಗನ ತಟ್ಟೆ ನೆಟ್ಟಗಿತ್ತು, ಒರೆಸಿ ಇಟ್ಟಿದ್ದಳು. ಒಂಡ್ರೇಯದು ಬೋರಲಾಗಿತ್ತು.