ತಳಕ್ಕಿಳಿಯದ ಸೇಬು

ನನ್ನ ಮಗಳು ಬನ್ನು ಕದ್ದು ತಿಂದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾದಾಗ ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಕೆಳಗೆ ಬೇಕರಿ, ಮೇಲೆ ನಮ್ಮ ಮನೆ. ಮಾವನವರು ನಲವತ್ತು ವರ್ಷ ನಡೆಸಿದ ಬೇಕರಿಯನ್ನು ಈಗ ಭಾವ ನೋಡಿಕೊಳ್ಳುತ್ತಾರೆ. ಗಲ್ಲಾದಲ್ಲಿ ಓರಗಿತ್ತಿ. ನನ್ನ ಗಂಡ ವ್ಯಾನಿನಲ್ಲಿ ಬ್ರೆಡ್ಡು ಹಂಚಲು ಬೆಳಗಿನ ಐದಕ್ಕೇ ಹೊರಡುತ್ತಾರೆ. ಇಂಥ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಗೋಧಿ ಆಗದು ಎಂದು ಡಾಕ್ಟರು ಹೇಳಿದಾಗ ಅವಳಿಗೆ ಆರು ವರ್ಷ. ಗೋಧಿಯಲ್ಲಿ ಗ್ಲುಟನ್ ಎಂಬ ಅಂಟು ಇರುತ್ತದೆ, ಅದು ಇವಳ ಕರುಳನ್ನು ಕೆಡಿಸುತ್ತದೆ, ಚಿಟಿಕೆಯಷ್ಟು ಸಾಕು ಎಂದರು. ಆಗ ಅವಳು ಎಷ್ಟು ಸೊರಗಿದ್ದಳೆಂದರೆ ಭಾವ ಅವಳನ್ನು ‘ಕಡ್ಡಿ’ ಎಂದು ಕರೆಯತೊಡಗಿದ್ದರು. ಎರಡು ವರ್ಷ ಗೋಧಿ ಬಿಟ್ಟ ಮೇಲೆ ಕೆನ್ನೆ ತುಂಬಿತು. ಹೆಸರು ಮಾತ್ರ ಕಡ್ಡಿಯೇ ಉಳಿಯಿತು.

“ಹಿಟ್ಟಿನ ಮನೆ ಮೊಮ್ಮಗಳಿಗೆ ಹಿಟ್ಟು ಆಗಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ?” ಎಂದು ಭಾವ ಗಿರಾಕಿಗಳ ಮುಂದೆ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನನ್ನ ಅಡುಗೆಮನೆಯ ಜರಡಿ, ಚಮಚ, ಕೇಕಿನ ತಟ್ಟೆ ಎಲ್ಲಕ್ಕೂ ಕೆಂಪು ಟೇಪು ಸುತ್ತಿಟ್ಟಿದ್ದೆ. ಕೆಳಗಿನಿಂದ ಬಂದವರು ಬಾಗಿಲಲ್ಲೇ ಏಪ್ರನ್ ಬಿಚ್ಚಿ, ಕೈ ತೊಳೆದು ಒಳಗೆ ಬರಬೇಕು. ಓರಗಿತ್ತಿ ಇದಕ್ಕೆ ‘ಚೆಕ್‌ಪೋಸ್ಟು’ ಎಂದು ಹೆಸರಿಟ್ಟಿದ್ದರು.

ಸೇಬಿನ ಕೇಕು ನನಗೆ ಒಲಿಯಲು ಹನ್ನೊಂದು ಸಲ ಬೇಕಾಯಿತು. ಅಕ್ಕಿ ಹಿಟ್ಟು, ಬಾದಾಮಿ ಪುಡಿ, ಸ್ವಲ್ಪ ಜೋಳದ ಪಿಷ್ಟ. ಅಂಟಿಲ್ಲದ ಹಿಟ್ಟುಗಳು ಒಂದನ್ನೊಂದು ಹಿಡಿದುಕೊಳ್ಳದೆ ಮರಳಿನಂತೆ ಉದುರುತ್ತವೆ. ಅದಕ್ಕೆ ಒಂದು ಚಮಚ ಇಸಬ್‌ಗೋಲನ್ನು ಲೋಳೆಯಾಗುವವರೆಗೆ ನೀರಲ್ಲಿ ನೆನೆಸಿ ಕಲಸುತ್ತೇನೆ. ಎರಡು ಸೇಬು ಸಿಪ್ಪೆಸಹಿತ ತುರಿದು ಹಿಟ್ಟಿಗೆ, ಇನ್ನೆರಡು ಸಣ್ಣಗೆ ಹೆಚ್ಚಿ ಕೊನೆಯಲ್ಲಿ. ರುಚಿಗೆ ಹೆಸರಿಡುವಂತಿರಲಿಲ್ಲ. ಒಂದೇ ಕೊರತೆ: ಹೆಚ್ಚಿದ ಹೋಳುಗಳೆಲ್ಲ ಬೇಯುವಾಗ ತಳಕ್ಕಿಳಿದು ಅಲ್ಲೊಂದು ಒದ್ದೆ ಪದರವಾಗಿ ಕೂತುಬಿಡುತ್ತಿದ್ದವು. ಕಡ್ಡಿಗೆ ಅದೇ ಇಷ್ಟ. “ಕೇಕ್ ಕೆಳಗೆ ಜಾಮ್ ಫ್ರೀ” ಎನ್ನುತ್ತಿದ್ದಳು.

ಭಾವ ಒಂದು ದಿನ ರುಚಿ ನೋಡಿದರು. ಮಾರನೆಯ ದಿನ ಬೇಕರಿಯ ಗಾಜಿಗೆ ‘ಗೋಧಿ ಸೋಕದ ಸೇಬಿನ ಕೇಕ್’ ಎಂಬ ಬೋರ್ಡು ಅಂಟಿತ್ತು. ನನ್ನ ಅಡುಗೆಮನೆಯಲ್ಲೇ ಬೇಯಬೇಕು, ಮೇಲಿಂದಲೇ ಡಬ್ಬಿಯಲ್ಲಿ ಮುಚ್ಚಿ ಹೋಗಬೇಕು ಎಂದು ಷರತ್ತು ಹಾಕಿದೆ. ಒಪ್ಪಿದರು. ಒಂದಿದ್ದ ಕೇಕು ದಿನಕ್ಕೆ ಆರಾಯಿತು. ಎದುರು ರಸ್ತೆಯ ಟೈಲರಮ್ಮ ತನ್ನ ಮಗನಿಗೆಂದು ದಿನ ಬಿಟ್ಟು ದಿನ ಒಯ್ಯುತ್ತಿದ್ದರು. ಅವನಿಗೂ ನಮ್ಮ ಕಡ್ಡಿಯದೇ ತೊಂದರೆ.

ಆರು ಕೇಕಿಗೆ ಇಪ್ಪತ್ತನಾಲ್ಕು ಸೇಬು. ನನ್ನ ಮಣಿಕಟ್ಟು ಊದಿಕೊಂಡಿತು.

“ಹೋಳು ನಾನು ಹೆಚ್ಚಿ ಕೊಡ್ತೀನಮ್ಮ,” ಎಂದರು ಮಾವ. “ಕೈ ಇನ್ನೂ ಮರೆತಿಲ್ಲ.”

ಅವರಿಗೆಂದೇ ಹೊಸ ಚಾಕು, ಹೊಸ ಹಲಗೆ ತಂದು ಕೆಂಪು ಟೇಪು ಸುತ್ತಿ ಕೊಟ್ಟೆ. ಬೇಕರಿಯ ಗಾಳಿಯಲ್ಲೂ ಹಿಟ್ಟು ಹಾರುತ್ತದೆಂದು, ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಹಾಕಿಸಿದೆ. ಬೆಳಿಗ್ಗೆ ಆರಕ್ಕೆ ಅವರು ಅಲ್ಲಿ ಕೂತು ಹೆಚ್ಚಿ, ನಿಂಬೆರಸ ಹಿಂಡಿ, ಮುಚ್ಚಳ ಹಾಕಿ ಪಾತ್ರೆಯನ್ನು ನನ್ನ ಬಾಗಿಲಿಗೆ ತಂದಿಡುತ್ತಿದ್ದರು.

ಮೊದಲ ದಿನವೇ ಕೇಕು ಬದಲಾಯಿತು. ಹೋಳುಗಳು ತಳಕ್ಕಿಳಿಯದೆ, ಕತ್ತರಿಸಿದಲ್ಲೆಲ್ಲ ಒಂದೊಂದಾಗಿ ಕಾಣಿಸಿಕೊಂಡವು. ಇಸಬ್‌ಗೋಲನ್ನು ಅಂದೇ ಅರ್ಧ ಚಮಚ ಹೆಚ್ಚು ಮಾಡಿದ್ದೆ. ಅದರ ಫಲ ಅಂದುಕೊಂಡೆ. ಓರಗಿತ್ತಿಯೂ “ಈಗ ಬೇಕರಿ ಮನೆ ಸೊಸೆ ಆದೆ ನೋಡು” ಎಂದರು. ನಾನು ಬೀಗಿದೆ.

ನಾಲ್ಕನೆಯ ದಿನ ಕಡ್ಡಿಗೆ ಹೊಟ್ಟೆನೋವು ಶುರುವಾಯಿತು. ಆಮೇಲೆ ಬಾಯಲ್ಲಿ ಹುಣ್ಣು, ಶಾಲೆಯಿಂದ ಬಂದವಳೇ ಚಾಪೆ ಮೇಲೆ ಮುದುಡಿಕೊಂಡು ಮಲಗುವುದು. ಡಾಕ್ಟರು ನೋಡಿ, “ಎಲ್ಲಿಂದಲೋ ಗೋಧಿ ಒಳಗೆ ಹೋಗ್ತಿದೆ. ಹುಡುಕಿ” ಎಂದರು.

ಹುಡುಕಿದೆ. ಬೇಕಿಂಗ್ ಪೌಡರಿನ ಡಬ್ಬಿ, ಚಕ್ಕೆ ಪುಡಿಯ ಪೊಟ್ಟಣ, ಹಲ್ಲುಜ್ಜುವ ಪೇಸ್ಟು ಎಲ್ಲದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿದೆ. ಹೊಸ ಜರಡಿ ತಂದೆ. ಮನೆಯವರು ಮಾತ್ರ ಅಷ್ಟೊತ್ತಿಗೆ ಹುಡುಕಿ ಮುಗಿಸಿದ್ದರು.

“ಬೆಣ್ಣೆ ಬನ್ನು ದಿನಾ ಒಂದೆರಡು ಕಮ್ಮಿ ಬರ್ತಿದೆ,” ಎಂದರು ಓರಗಿತ್ತಿ. “ನಾನೇನೂ ಹೇಳ್ತಿಲ್ಲಪ್ಪ. ಮಕ್ಕಳು ಅಂದ್ಮೇಲೆ ಆಸೆ ಇರುತ್ತೆ.”

“ನಾನು ತಿಂದಿಲ್ಲ ದೊಡ್ಡಮ್ಮ.”

“ತಿಂದ್ರೆ ತಪ್ಪೇನೂ ಇಲ್ಲ, ಕಡ್ಡಿ,” ಎಂದರು ಭಾವ. “ನಿಜ ಹೇಳು ಸಾಕು. ನಿಮ್ಮಮ್ಮ ಪಾಪ ಜರಡಿ ಬದಲಾಯಿಸ್ತಾ ಕೂತಿದ್ದಾಳೆ.”

ರಾತ್ರಿ ನನ್ನ ಗಂಡನೂ “ಮಗು ಅಲ್ವಾ, ಗದರಬೇಡ” ಎಂದರು, ತೀರ್ಮಾನ ಆಗಿಹೋದ ಹಾಗೆ. ಮಾರನೆಯ ಸಂಜೆ ನಾನು ಅವಳ ಶಾಲೆಚೀಲವನ್ನು ತಿರುವಿ ಹಾಕಿ ಬನ್ನಿನ ಚೂರಿಗಾಗಿ ತಡಕಾಡಿದೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ತಾನೇ ಹತ್ತಿರ ಬಂದು ಲಂಗದ ಎರಡೂ ಜೇಬುಗಳನ್ನು ಹೊರಕ್ಕೆಳೆದು ತೋರಿಸಿದಳು. ಏನೂ ಸೇರದು ಅನ್ನುತ್ತಿದ್ದ ಅವಳಿಗೆ ಅಂದು ಒಂದರ ಬದಲು ಎರಡು ಹೋಳು ಸೇಬಿನ ಕೇಕು ಕೊಟ್ಟೆ, ನನ್ನ ಕೈಯಾರೆ.

ಆ ಜೇಬುಗಳು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಕಡೆ ಅವಳ ನೋವಿನ ದಿನಗಳನ್ನು, ಇನ್ನೊಂದು ಕಡೆ ಮನೆಯಲ್ಲಿ ಬದಲಾದ ಪ್ರತಿಯೊಂದನ್ನೂ ಬರೆದೆ. ಹೊಸ ಜರಡಿ ಬಂದದ್ದು ನೋವಿನ ನಂತರ. ಪೇಸ್ಟು ಹಳೆಯದು. ನೋವಿಗಿಂತ ಮೊದಲು ಬದಲಾದವು ಎರಡೇ, ಅರ್ಧ ಚಮಚ ಇಸಬ್‌ಗೋಲು ಮತ್ತು ಸೇಬು ಹೆಚ್ಚುವ ಕೈ. ಮರುದಿನ ಇಸಬ್‌ಗೋಲನ್ನು ಹಳೆಯ ಅಳತೆಗೆ ಇಳಿಸಿ ಬೇಯಿಸಿದೆ. ಹೋಳುಗಳು ಆಗಲೂ ತಳಕ್ಕಿಳಿಯಲಿಲ್ಲ.

ಅದರ ಮರುದಿನ ಬೆಳಿಗ್ಗೆ ಆರಕ್ಕೆ ಬರಿಗಾಲಲ್ಲಿ ನಾಲ್ಕು ಮೆಟ್ಟಿಲು ಇಳಿದು ನಿಂತೆ. ಮಾವ ಕೆಂಪು ಟೇಪಿನ ಚಾಕುವಿನಿಂದ ಕೆಂಪು ಟೇಪಿನ ಹಲಗೆಯ ಮೇಲೆ ನೀಟಾಗಿ ಹೆಚ್ಚುತ್ತಿದ್ದರು. ನಿಂಬೆ ಹಿಂಡಿದರು. ಆಮೇಲೆ ಕುರ್ಚಿಯ ಕೆಳಗೆ ಕೈ ಹಾಕಿ, ಮುಚ್ಚಳದಲ್ಲಿ ತೂತುಗಳಿದ್ದ ಒಂದು ತಗಡಿನ ಡಬ್ಬಿ ತೆಗೆದರು. ಎರಡು ಸಲ ಕೊಡವಿದರು, ಉಪ್ಪು ಉದುರಿಸುವ ಹಾಗೆ. ಪಾತ್ರೆಯನ್ನು ಒಮ್ಮೆ ಗಿರ್ರನೆ ತಿರುಗಿಸಿದರು. ಒದ್ದೆ ಹೋಳುಗಳ ಮೇಲೆ ಬಿದ್ದ ಬಿಳಿ ಪುಡಿ ಕಣ್ಣೆದುರೇ ಮಾಯವಾಯಿತು.

“ಅದೇನು ಮಾವ?”

“ಯಾವುದು?”

“ಆ ಡಬ್ಬೀಲಿ.”

“ಇದಾ? ಮೈದಾ. ಹೋಳು ಮುಳುಗಬಾರದಲ್ಲಮ್ಮ. ಯಾವ ಹಣ್ಣೇ ಇರಲಿ, ಒಂಚೂರು ಸವರಿಯೇ ಕೇಕಿಗೆ ಹಾಕೋದು.”

“ಮೈದಾ ಅಂದ್ರೆ ಗೋಧಿ, ಮಾವ.”

“ನಾನೇನು ಕೇಕಿಗೆ ಹಾಕಿದ್ನಾ? ನಿನ್ನ ಹಿಟ್ಟು ಮುಟ್ಟಿಲ್ಲ ನಾನು. ಹಣ್ಣಿಗೆ ಸವರಿದ್ದು ಅಷ್ಟೆ...” ಎನ್ನುತ್ತ ಅವರ ಮಾತು ನಿಧಾನವಾಯಿತು. ಡಬ್ಬಿಯನ್ನು ನೋಡಿದರು. ಪಾತ್ರೆಯನ್ನು ನೋಡಿದರು.

ನಾನು ಕಿರುಚಿದೆ. ಆ ಮನೆಗೆ ಬಂದ ಹತ್ತು ವರ್ಷದಲ್ಲಿ ಮೊದಲ ಸಲ ಕಿರುಚಿದೆ. ಭಾವ ಓಡಿ ಬಂದರು, ಓರಗಿತ್ತಿ ಬಂದರು.

“ವಯಸ್ಸಾದವರ ಮೇಲೆ ಹೀಗಾ ಕೂಗೋದು?” ಎಂದರು ಓರಗಿತ್ತಿ.

“ಎಂಟು ವರ್ಷದವಳನ್ನ ಕಳ್ಳಿ ಅನ್ನೋಕೆ ನಿಮಗೆ ವಯಸ್ಸು ಅಡ್ಡ ಬರಲಿಲ್ವಲ್ಲ ಅಕ್ಕ!”

“ಆಯ್ತು, ಆಯ್ತು,” ಎಂದು ಭಾವ ದನಿ ತಗ್ಗಿಸಿದರು. “ಇವತ್ತಿಂದ ಮೈದಾ ಬೇಡ. ಮುಗೀತು. ಬೋರ್ಡು ಹಾಗೇ ಇರ್ಲಿ. ಆಗಿಹೋಗಿದ್ದನ್ನ ಊರಿಗೆಲ್ಲ ಡಂಗುರ ಹೊಡೀಬೇಕಾ?”

“ಟೈಲರಮ್ಮನ ಮಗನೂ ತಿಂದಿದ್ದಾನೆ, ಭಾವ.”

“ಅವರೇನೂ ಬಂದು ಜಗಳ ಆಡಿಲ್ವಲ್ಲ.”

ನನಗೆ ಮೈಯೆಲ್ಲ ಉರಿಯಿತು. ಮಗುವಿನ ಚೀಲ ತಡಕುವುದಕ್ಕೆ ಸಂಶಯವೊಂದೇ ಸಾಕಾಗಿತ್ತು. ತಮ್ಮ ತಪ್ಪು ಒಪ್ಪಿಕೊಳ್ಳುವುದಕ್ಕೆ ಇವರಿಗೆ ಯಾರಾದರೂ ಬಂದು ಜಗಳವಾಡಬೇಕು! ಗಾಜಿನ ಮೇಲಿನ ಬೋರ್ಡನ್ನು ಕಿತ್ತೆ. ಅದರ ಬೆನ್ನಿಗೆ ದಪ್ಪ ಪೆನ್ನಿನಲ್ಲಿ ಬರೆದೆ: ‘ಕಳೆದ ಎರಡು ವಾರಕ್ಕೂ ಹೆಚ್ಚು ಕಾಲ ಈ ಸೇಬಿನ ಕೇಕಿನಲ್ಲಿ ಮೈದಾ ಇತ್ತು. ಗೋಧಿ ಆಗದವರು ಯಾರಾದರೂ ತಿಂದಿದ್ದರೆ ದಯವಿಟ್ಟು ಡಾಕ್ಟರನ್ನು ಕಾಣಿ. ತಪ್ಪು ನಮ್ಮದು.’ ಅದನ್ನು ಮತ್ತೆ ಗಾಜಿಗೆ ಅಂಟಿಸಿದೆ. ಭಾವ ತೆಗೆಯಲು ಕೈ ಚಾಚಿದರು.

“ಬಿಡೋ,” ಎಂದರು ಮಾವ ಹಿಂದಿನಿಂದ. “ಅದು ನನ್ನ ಕೈಯಿಂದ ಆಗಿದ್ದು. ಇರ್ಲಿ.”

ಟೈಲರಮ್ಮನ ಮನೆಗೆ ನಾನೇ ಹೋದೆ. ಅವರು ಹೊಲಿಗೆ ಮೆಷಿನ್ನು ನಿಲ್ಲಿಸಿ ಪೂರ್ತಿ ಕೇಳಿದರು. “ನಿಮ್ಮ ಕೇಕು ಅಂತ ನಂಬಿ ಬೇರೆ ಎಲ್ಲಾ ತಿಂಡಿ ನಿಲ್ಲಿಸಿದ್ದೆ,” ಎಂದರು. “ಕೂತ್ಕೊಳ್ಳಿ ಅಂತ ಹೇಳಲ್ಲ. ತಪ್ಪು ತಿಳ್ಕೋಬೇಡಿ.” ನಾನು ತಪ್ಪು ತಿಳಿಯಲಿಲ್ಲ. ಅವರ ಸಿಟ್ಟು ನನ್ನ ಸಿಟ್ಟೇ ಆಗಿತ್ತು.

ಹಿಂತಿರುಗಿದಾಗ ಮಾವ ನನ್ನ ಬಾಗಿಲಲ್ಲಿ ಕೈ ತೊಳೆಯುತ್ತಿದ್ದರು. ಮೂರು ಸಲ ಸೋಪು ಹಚ್ಚಿದರು. ಒಳಗೆ ಹೋಗಿ ಕಡ್ಡಿ ಮಲಗಿದ್ದ ಚಾಪೆಯ ಪಕ್ಕ ಕಷ್ಟಪಟ್ಟು ಕೂತರು.

“ನೀನು ಬನ್ನು ತಿಂದಿರ್ಲಿಲ್ಲ, ಪುಟ್ಟಿ. ನಿನಗೆ ಹೊಟ್ಟೆನೋವು ಕೊಟ್ಟಿದ್ದು ನಾನು.”

“ನಾನು ಹೇಳಿದ್ನಲ್ಲ ತಾತ.”

“ಹೇಳಿದ್ದೆ. ನಾವು ಕೇಳ್ಲಿಲ್ಲ.”

“ದೊಡ್ಡಪ್ಪನೂ ಬಂದು ಹೇಳ್ತಾರಾ?”

ಮಾವ ನನ್ನ ಮುಖ ನೋಡಿದರು. ನಾನು ಅವರಿಗೆ ಸಹಾಯ ಮಾಡಲಿಲ್ಲ. ನಾನು ಹೇಳಬೇಕಾದದ್ದೇ ಇನ್ನೂ ಬಾಕಿ ಇತ್ತು. ಅವಳ ಎದುರು ಕೂತು, ಚೀಲ ತಡಕಿದ್ದು ತಪ್ಪು ಎಂದೆ. ಅವಳು ತಲೆಯಾಡಿಸಿದಳು, ಕ್ಷಮಿಸಿದೆ ಅನ್ನಲಿಲ್ಲ.

ಬೇಕರಿಗೆ ಈಗ ನಾನು ಕೇಕು ಕೊಡುವುದಿಲ್ಲ. ಭಾವ ಇನ್ನೂ ಮೇಲೆ ಬಂದಿಲ್ಲ. ಮೂರು ವಾರದ ನಂತರ ಕಡ್ಡಿಗೆಂದು ನಾನೇ ನಾಲ್ಕು ಸೇಬು ಹೆಚ್ಚಿ, ತುರಿದು ಒಂದು ಕೇಕು ಬೇಯಿಸಿದೆ. ಅವಳು ತನ್ನ ಹೋಳನ್ನು ಎತ್ತಿ, ತಲೆಕೆಳಗು ಮಾಡಿ, ತಳದ ಒದ್ದೆ ಪದರವನ್ನು ಬೆರಳಿನಿಂದ ಒತ್ತಿ ನೋಡಿದಳು.

“ಮುಳುಗಿದೆ,” ಎಂದಳು. ಆಮೇಲೆ ತಿಂದಳು.