ಹಬೆಗೆ ಇಟ್ಟ ಪಾಸ್ತಾ

ಮೂರ್ನಾಡಿನಿಂದ ಸ್ವಲ್ಪ ಆಚೆ ಕವನಾಳ ಹೋಂಸ್ಟೇ. ಅದರ ಅಡುಗೆಮನೆ ಒಂಬತ್ತು ವರ್ಷದಿಂದ ಯಮುನಳ ಕೈಯಲ್ಲಿತ್ತು. ಕವನಾ ಪಕ್ಕದ ಮನೆಯಲ್ಲೇ ಬೆಳೆದ ಹುಡುಗಿ. ಒಡತಿಯಾದ ಮೇಲೂ ಯಮುನಳ ಬಾಯಲ್ಲಿ ಅವಳು 'ನೀನು' ಆಗಿಯೇ ಉಳಿದಿದ್ದಳು.

ಬರುವವರ ಮಕ್ಕಳು ಈಚೆಗೆ ಪಾಸ್ತಾ ಕೇಳತೊಡಗಿದ್ದರು. ಪ್ಯಾಕೆಟಿನದು ಬೇಡ, ಮನೆಯಲ್ಲೇ ನಾದಿದ ಹಿಟ್ಟು, ಹಿತ್ತಲಿನ ಸೊಪ್ಪು, ಹಾಗೇ ಆಗಬೇಕು ಅಂತ ಕವನಾಳ ಹಠ. ದಿಗಂತ್ ಎಂಬ ಹೋಟೆಲ್ ಅಡುಗೆಯವನನ್ನು ಮಾತಾಡಿಸಿಯೂ ಇಟ್ಟಿದ್ದಳು. ಭಾನುವಾರದ ಊಟ ಸರಿಹೋದರೆ ಸರಿ, ಇಲ್ಲವಾದರೆ ಸೋಮವಾರದಿಂದ ಒಲೆ ಅವನದು, ಯಮುನ ರೂಮುಗಳನ್ನು ನೋಡಿಕೊಳ್ಳಲಿ. ಮೆತ್ತಗೇ ಹೇಳಿದ್ದಳು. ಮೆತ್ತಗೆ ಹೇಳಿದ್ದು ಯಮುನಳಿಗೆ ಇನ್ನಷ್ಟು ತಾಗಿತು.

ಶನಿವಾರ ಕವನಾ ಮೈದಾಕ್ಕೆ ಮೊಟ್ಟೆ ಒಡೆದು ನಾದಿ ತೋರಿಸಿದಳು. ಅಷ್ಟರಲ್ಲಿ ಫೋನ್ ಬಂತು. ಉಳಿದದ್ದು ನಿಮಗೆ ಗೊತ್ತಿರುವುದೇ, ನೂಲುಪುಟ್ಟಿನ ಹಾಗೆ ಎಳೆ ಬಂದರಾಯಿತು ಎನ್ನುತ್ತಾ ಹೊರಗೆ ಹೋದಳು.

ನೂಲುಪುಟ್ಟಿಗೆ ಅಕ್ಕಿಹಿಟ್ಟಿನ ಉಂಡೆಯನ್ನು ಮೊದಲು ಹಬೆಯಲ್ಲಿ ಬೇಯಿಸಿ, ಬಿಸಿಬಿಸಿಯಾಗಿ ಶಾವಿಗೆ ಒರಳಿಗೆ ಹಾಕಿ ಎಳೆಯಾಗಿ ಒತ್ತುತ್ತಾರೆ. ಯಮುನಳ ಕೈಗೆ ಬೇರೆ ಕ್ರಮ ಗೊತ್ತಿಲ್ಲ. ಭಾನುವಾರ ಮೈದಾದ ಉಂಡೆಗಳನ್ನೂ ಹಬೆಗೆ ಇಟ್ಟಳು. ಇಪ್ಪತ್ತು ನಿಮಿಷಕ್ಕೆ ತೆಗೆದು ಒರಳಿಗೆ ಹಾಕಿ, ಹಿಡಿ ಒತ್ತಲು ಗಂಡ ಬೆಳ್ಯಪ್ಪನನ್ನು ಕರೆದಳು. ಅವನು ಒತ್ತಿದ, ಆಮೇಲೆ ಹಿಡಿಗೆ ಜೋತುಬಿದ್ದ. ಒಂದು ಎಳೆಯೂ ಬರಲಿಲ್ಲ.

"ಇದ್ ಹಿಟ್ಟಾ, ಟಯರಾ?" ಎಂದ.

"ಮಾತ್ ಬೇಡ, ಒತ್ತಿ."

ಹಿಡಿಯ ಗೂಟ ಕಿತ್ತುಬಂದು ಬೆಳ್ಯಪ್ಪ ನೆಲಕ್ಕೆ ಕೂತ. ಕೂತಲ್ಲಿಂದಲೇ, ಅನ್ನ ಕೋಳಿಸಾರು ಮಾಡಿಬಿಡು ಎಂದು ಸಲಹೆಯನ್ನೂ ಕೊಟ್ಟ. ಯಮುನ ಒರಳಿನಿಂದ ಉಂಡೆಯನ್ನು ಕಿತ್ತು ತೆಗೆದಳು.

ಸಾಸ್ ಮಾತ್ರ ಆಗಲೇ ಆಗಿತ್ತು. ಸಿಪ್ಪೆ ಸುಲಿದ ಟೊಮೆಟೊ, ಕೈತುಂಬ ಬೆಳ್ಳುಳ್ಳಿ, ಎರಡು ಗಾಂಧಾರಿ ಮೆಣಸು, ಇಳಿಸುವಾಗ ಹರಿದು ಹಾಕಿದ ಕಾಮಕಸ್ತೂರಿ ಎಲೆ, ಚೂರು ಕಾಡುಕೊತ್ತಂಬರಿ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ; ಮೂಗು ಹೇಳಿದಂತೆ ಹಾಕಿದ್ದಳು. ಬೆಂದ ಉಂಡೆಗಳನ್ನು ಚಾಕುವಿನಲ್ಲಿ ತೆಳ್ಳಗೆ ಬಿಲ್ಲೆ ಮಾಡಿ, ಮೇಲೆ ಸಾಸ್ ಸುರಿದು ಒಯ್ದಳು.

ಬಂದಿದ್ದವರು ಒಂದು ಮಗು ಸೇರಿ ನಾಲ್ಕು ಜನ. ಅವರಲ್ಲಿ ಹರ್ಷಿತಾ ಎಂಬಾಕೆ ಬಿಲ್ಲೆಯನ್ನು ಬಹಳ ಹೊತ್ತು ಅಗಿದು, ಇದರ ಹೆಸರೇನು ಎಂದು ಕೇಳಿದಳು. ಕವನಾ ಯಮುನಳ ಮುಖ ನೋಡಿದಳು. ಯಾವ ಹೆಸರು ಹೇಳಿದ್ದರೂ ನಡೆಯುತ್ತಿತ್ತು.

"ಹೆಸರಿಲ್ಲಮ್ಮ, ಇದು ಕೆಟ್ಟದ್ದು. ಎಳೆ ಮಾಡುವ ಮೊದಲೇ ಬೇಯಿಸಿಬಿಟ್ಟೆ."

ಹರ್ಷಿತಾ ನಕ್ಕು, ಹಾಗಾದರೆ ಈ ಸಾಸಿಗೆ ಅಕ್ಕಿರೊಟ್ಟಿ ಸಿಗಬಹುದಾ ಎಂದಳು. ಸಿಕ್ಕಿತು. ತಟ್ಟೆಗಳು ಒಳಗೆ ಬಂದಾಗ ಸಾಸಿನ ಗುರುತೂ ಇರಲಿಲ್ಲ. ಬಿಲ್ಲೆಗಳು ಅಂಚಿನಲ್ಲಿ ಹಾಗೇ ಕೂತಿದ್ದವು. ಒಂದರ ಮೇಲೆ ಮಗುವಿನ ಹಲ್ಲಿನ ಗುರುತು.

ಕವನಾ ತಟ್ಟೆಗಳನ್ನು ನೋಡಿದಳು, ಬೈಯಲಿಲ್ಲ. ದಿಗಂತ್ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದಾನೆ ಎಂದಳು. ಯಮುನ ದೊಡ್ಡ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟಳು.

"ಹಬೆ ಪಾತ್ರೆಯಲ್ಲಿ ಹಿಡಿಸದ ಹಿಟ್ಟು ಇನ್ನೂ ಉಂಟು. ನಿನ್ನೆ ಅರ್ಧಕ್ಕೆ ಬಿಟ್ಟು ಹೋದೆಯಲ್ಲ, ಈಗ ಪೂರ್ತಿ ತೋರಿಸು."

ಕವನಾ ಫೋನನ್ನು ಕಿಟಕಿಯ ಮೇಲಿಟ್ಟು ಬಳೆ ಸರಿಸಿಕೊಂಡಳು. ಇಬ್ಬರೂ ಲಟ್ಟಿಸಿದರು, ಮಡಚಿ ಎಳೆಯಾಗಿ ಕತ್ತರಿಸಿದರು, ಉಪ್ಪು ಹಾಕಿದ ಕುದಿನೀರಿಗೆ ಬಿಟ್ಟರು. ಮೂರೇ ನಿಮಿಷ. ಸಾಸ್ ಮುಗಿದಿದ್ದರಿಂದ ಎಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, ಉಳಿದ ಕಾಮಕಸ್ತೂರಿ ಹಾಕಿ ಹೊರಳಿಸಿ, ನಿಂತುಕೊಂಡೇ ಒಂದು ತಟ್ಟೆಯಲ್ಲಿ ತಿಂದರು. ತಟ್ಟೆಯಲ್ಲಿ ಒಂದು ಎಳೆಯೂ ಉಳಿಯಲಿಲ್ಲ.

"ದಿಗಂತ್‌ಗೆ ಬೇಡ ಅಂತ ಹೇಳ್ತೇನೆ" ಎಂದಳು ಕವನಾ. "ನಾಳೆ ಆರು ಜನ ಬರ್ತಾರೆ, ಯಮುನಕ್ಕ. ಮೊಟ್ಟೆ ಸಾಕಾ?"

ಯಮುನ ಬುಟ್ಟಿಯೊಳಗೆ ನೋಡಿ, ಇನ್ನೂ ನಾಲ್ಕು ಬೇಕು ಎಂದಳು.